ಕೆಮ್ಮಿನ ಜಾಡಿನಲ್ಲಿ

1960-61ರ ಸುಮಾರು. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಬಿಸಿಲು ಇನ್ನೂ ಏರಿಲ್ಲ, ಅಂಗಳಕ್ಕೆ ಎರಚಿದ ಸಗಣಿ ನೀರು ಆರಿಲ್ಲ. ಜನ ಹೊಲಕ್ಕೆ ಹೊರಡುವ ಮೊದಲೇ ಹಿಡಿಯಬೇಕೆಂದು ಗಣತಿಯವರು ನಸುಕಿನಲ್ಲೇ ಬಂದು ಜಗಲಿಯ ಮೇಲೆ ಕೂತಿದ್ದಾರೆ. ತವರಿಗೆ ಹೋದ ಸೊಸೆ, ಬೆಂಗಳೂರಿನ ಗಿರಣಿ ಸೇರಿದ ಮಗ, ತೊಟ್ಟಿಲಲ್ಲಿರುವ ಕೂಸು, ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ಅಜ್ಜ, ಯಾರ ಹೆಸರೂ ಬಿಟ್ಟುಹೋಗುವಂತಿಲ್ಲ. ವಯಸ್ಸು ಕೇಳಿದರೆ ಬರ ಬಂದ ವರ್ಷ, ಕೆರೆ ಒಡೆದ ವರ್ಷ, ಪ್ಲೇಗಿಗೆ ಹೆದರಿ ಊರು ಬಿಟ್ಟ ವರ್ಷ ಎಂಬ ಉತ್ತರ ಬರುತ್ತದೆ. ಅದನ್ನು ಕೂಡಿಸಿ ಕಳೆದು ಅಂಕಿ ಮಾಡುವುದು ಗಣತಿಯವನ ಹೊಣೆ.

ಅವನ ಹಿಂದೆಯೇ ಸೂಜಿಮದ್ದಿನವರು. ಮುಂಗೈಯ ಒಳಮೈಗೆ, ಚರ್ಮದ ಪದರದೊಳಗೇ ನಿಲ್ಲುವಂತೆ, ಹನಿಯಷ್ಟು ಟ್ಯೂಬರ್‌ಕ್ಯುಲಿನ್. ಮೂರು ದಿನ ಬಿಟ್ಟು ಮತ್ತೆ ಬಂದು, ಚುಚ್ಚಿದ ಜಾಗದಲ್ಲಿ ಎದ್ದ ಗಟ್ಟಿ ಗುಬುಟನ್ನು ಬೆರಳಿನಿಂದ ಸವರಿ, ಪಾರದರ್ಶಕ ಅಳತೆಪಟ್ಟಿ ಇಟ್ಟು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ಆ ಗುಬುಟು ದೊಡ್ಡದಿದ್ದರೆ ಮೈಯೊಳಗೆ ಕ್ಷಯದ ಸೋಂಕು ಎಂದೋ ಹೊಕ್ಕಿದೆ ಎಂದರ್ಥ. ರೋಗ ಎದ್ದಿದೆ ಎಂದಲ್ಲ. ಅರಳಿಕಟ್ಟೆಯ ಹತ್ತಿರ ಎಕ್ಸ್‌ರೇ ಗಾಡಿ ನಿಂತಿದೆ. ಅದಕ್ಕೆ ವಿದ್ಯುತ್ ಕೊಡುವ ಜನರೇಟರಿನ ಸದ್ದಿಗೆ ಮಕ್ಕಳೆಲ್ಲ ಅಲ್ಲೇ ನೆರೆದಿದ್ದಾರೆ. ಗಂಡಸರು ಅಂಗಿ ಕಳಚಿ, ಹೆಂಗಸರು ತಾಳಿ ಸರಗಳನ್ನು ಬೆನ್ನಿಗೆ ಸರಿಸಿಕೊಂಡು, ತಣ್ಣನೆಯ ಹಲಗೆಗೆ ಎದೆಯೊತ್ತಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದು ಕ್ಷಣದ ಕೆಲಸ, ಅಂಗೈಗಿಂತ ಚಿಕ್ಕದಾದ ಫಿಲ್ಮು. ಅದರಲ್ಲಿ ನೆರಳೇನಾದರೂ ಕಂಡರೆ ಆ ಮನೆಗೆ ಕಫದ ಡಬ್ಬಿ ಹೋಗುತ್ತದೆ.

ಹೀಗೆ ಜಿಲ್ಲೆಯ ಅರವತ್ತಕ್ಕೂ ಹೆಚ್ಚು ಹಳ್ಳಿಗಳನ್ನೂ ಕೆಲವು ಪಟ್ಟಣದ ಕೇರಿಗಳನ್ನೂ ಮನೆಮನೆ ಸುತ್ತಿದವರು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು. ಸಂಸ್ಥೆ ಹುಟ್ಟಿದ್ದು 1959ರಲ್ಲಿ. ಮೈಸೂರು ಸರ್ಕಾರ ಬಳ್ಳಾರಿ ರಸ್ತೆಯಲ್ಲಿ ಒದಗಿಸಿದ ‘ಅವಲಾನ್’ ಎಂಬ ಹಳೆಯ ಬಂಗಲೆಯೇ ಅದರ ಮನೆ. ಪ್ರಧಾನಿ ನೆಹರು 1960ರ ಸೆಪ್ಟೆಂಬರಿನಲ್ಲಿ ಬಂದು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಕಳಿಸಿತು, ಯುನಿಸೆಫ್ ಸಲಕರಣೆ ಕೊಟ್ಟಿತು. ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳ ಸಾಲು ಇವತ್ತು ಆ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಇಡೀ ದೇಶದ ಕ್ಷಯ ಚಿಕಿತ್ಸೆಯ ನಕ್ಷೆ ಬರೆದದ್ದು ಈ ಕಾಂಪೌಂಡಿನೊಳಗೆ ಎಂಬುದು ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಗೊತ್ತಿರಬೇಕಿತ್ತು ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಆಗಿನ ಕಷ್ಟ ಎಷ್ಟು ದೊಡ್ಡದೆಂದು ನೆನೆಯಬೇಕು. 1955ರಿಂದ 58ರವರೆಗೆ ನಡೆದ ಮೊದಲ ರಾಷ್ಟ್ರೀಯ ಮಾದರಿ ಸಮೀಕ್ಷೆ, ಕ್ಷಯ ಪಟ್ಟಣದ ಹೊಗೆಗೂಡಿನ ರೋಗ ಎಂಬ ನಂಬಿಕೆಯನ್ನು ಕೆಡವಿತ್ತು. ಹಳ್ಳಿಯಲ್ಲೂ ಅದು ಪಟ್ಟಣದಷ್ಟೇ ಇತ್ತು. ದೇಶದ ಬಹುಪಾಲು ಜನ ಇದ್ದದ್ದು ಹಳ್ಳಿಯಲ್ಲಿ. ಆಸ್ಪತ್ರೆ, ಹಾಸಿಗೆ, ಎಕ್ಸ್‌ರೇ ಇದ್ದದ್ದು ಪಟ್ಟಣದಲ್ಲಿ. ಸ್ಯಾನಟೋರಿಯಂ ಎಂದರೆ ಊರಾಚೆಯ ತಿಳಿಗಾಳಿ, ತಿಂಗಳುಗಟ್ಟಲೆ ವಿಶ್ರಾಂತಿ, ಹಾಲು, ಮೊಟ್ಟೆ. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಅಂಥದೊಂದು ಇಂದಿಗೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದ ನೆನಪಿಗೆ ಕಟ್ಟಿದ್ದು. ಅರಮನೆಯವರನ್ನೂ ಬಿಡದ ರೋಗ ಗುಡಿಸಲನ್ನು ಬಿಟ್ಟೀತೆ? ಆದರೆ ಗುಡಿಸಲಿನವನು ಆರು ತಿಂಗಳು ಮಲಗಿದರೆ ಹೊಲ ಉಳುವವರು ಯಾರು?

ಆ ಗಂಟನ್ನು ಅರ್ಧ ಬಿಡಿಸಿಕೊಟ್ಟದ್ದು ಮದ್ರಾಸು. 1956ರಲ್ಲಿ ಚೆಟ್‌ಪೆಟ್‌ನಲ್ಲಿ ಆರಂಭವಾದ ಕ್ಷಯ ಔಷಧ ಕೇಂದ್ರ, ಇಂದು ಅದರ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ, 193 ಬಡ ರೋಗಿಗಳನ್ನು ಎರಡು ಪಾಲು ಮಾಡಿತು. ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರು ಅದರ ಮುಂದಾಳು. ಒಂದು ಪಾಲಿಗೆ ಸ್ಯಾನಟೋರಿಯಂ. ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಿನ ಮನೆಯಲ್ಲೇ ಇದ್ದು, ಸಿಕ್ಕಿದ್ದನ್ನು ಉಂಡು, ಔಷಧ ನುಂಗಿದರು. ವರ್ಷದ ಕೊನೆಗೆ ನೋಡಿದರೆ ಗುಣವಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮನೆಯಲ್ಲಿದ್ದು ಔಷಧ ತಗೊಂಡವರಿಂದ ಮನೆಮಂದಿಗೆ ಹೆಚ್ಚಿಗೆ ರೋಗ ಹತ್ತಲೂ ಇಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಲೋಕದ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದವು. ಔಷಧ ಮನೆಗೆ ಹೋಗಬಹುದು ಎಂದು ತಿಳಿಯಿತು. ಯಾರ ಮನೆಗೆ? ರೋಗಿಯನ್ನು ಹುಡುಕುವುದು ಹೇಗೆ? ಗಂಟಿನ ಉಳಿದರ್ಧ ಬೆಂಗಳೂರಿನ ಪಾಲಿಗೆ ಬಂತು.

ಹುಡುಕಾಟದ ಒಂದು ತುದಿ ಪ್ರಯೋಗಾಲಯದಲ್ಲಿತ್ತು. ಹಳ್ಳಿಯಿಂದ ಬಂದ ಡಬ್ಬಿಯ ಮುಚ್ಚಳ ತೆಗೆದು, ಕಫದಲ್ಲಿ ಹಳದಿಗಟ್ಟಿದ ಭಾಗವನ್ನು ಕಡ್ಡಿಯಿಂದ ಆರಿಸಿ ಗಾಜಿನ ಪಟ್ಟಿಗೆ ಸವರುತ್ತಾರೆ. ಮೇಲೆ ಕೆಂಪು ಬಣ್ಣ ಸುರಿದು ಕೆಳಗಿನಿಂದ ಆವಿ ಏಳುವವರೆಗೆ ಕಾಯಿಸುತ್ತಾರೆ, ಆಮ್ಲದಲ್ಲಿ ತೊಳೆಯುತ್ತಾರೆ, ನೀಲಿ ಹಾಕುತ್ತಾರೆ. ಮಿಕ್ಕ ಜೀವಕಣಗಳೆಲ್ಲ ಆಮ್ಲಕ್ಕೆ ಬಣ್ಣ ಬಿಟ್ಟುಕೊಟ್ಟರೆ ಕ್ಷಯದ ಬ್ಯಾಸಿಲಸ್ ಮಾತ್ರ ಬಿಡುವುದಿಲ್ಲ. ಅದರ ಮೈಯ ಮೇಣದ ಹೊದಿಕೆ ಅಂಥದು. ಸೂಕ್ಷ್ಮದರ್ಶಕದ ಕಣ್ಣಿಗೆ ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಗೀಟುಗಳು. ಒಂದು ಪಟ್ಟಿಯಲ್ಲಿ ನೂರು ನೋಟ ಹಾಯಿಸದೆ ‘ಇಲ್ಲ’ ಎಂದು ಬರೆಯುವಂತಿಲ್ಲ. ಕಣ್ಣು ಸೋತರೆ ಒಬ್ಬ ರೋಗಿ ತಪ್ಪಿಹೋಗುತ್ತಾನೆ. ಇನ್ನೂ ಖಚಿತವಾಗಬೇಕೆಂದರೆ ಕಫವನ್ನು ಮೊಟ್ಟೆಯಿಂದ ಮಾಡಿದ ಹಸಿರು ಬಣ್ಣದ ಆಹಾರದ ಮೇಲೆ ಬಿತ್ತಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಕೋಣೆಯಲ್ಲಿಟ್ಟು ಕಾಯಬೇಕು. ಬೇರೆ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಮೊಳೆಯುತ್ತದೆ. ಇದಕ್ಕೆ ಆರೆಂಟು ವಾರ ಬೇಕು. ಕೊನೆಗೆ ಗಾಜಿನ ಕೊಳವೆಯ ಓರೆಯಲ್ಲಿ ಕೆನೆಬಣ್ಣದ ಒರಟು ಗಂಟುಗಳು ಏಳುತ್ತವೆ. ತುಮಕೂರಿನ ಲೆಕ್ಕ ಹೀಗೆ ಒಂದೊಂದು ಕೊಳವೆಯಿಂದ ಬಂತು: ಸಾವಿರ ಜನರಲ್ಲಿ ಸುಮಾರು ನಾಲ್ವರ ಕಫದಲ್ಲಿ ಜೀವಂತ ಬ್ಯಾಸಿಲಸ್.

ಇಷ್ಟು ಮಾಡಿ ನಿಲ್ಲಿಸಿದ್ದರೆ ಅದು ಒಂದು ಒಳ್ಳೆಯ ಸಮೀಕ್ಷೆಯಾಗಿ ಕಪಾಟು ಸೇರುತ್ತಿತ್ತು. ಸಂಸ್ಥೆಯ ನಿಜವಾದ ದೊಡ್ಡತನ ಮುಂದಿನ ಹೆಜ್ಜೆಯಲ್ಲಿದೆ. ದೇಬಬರ್ ಬ್ಯಾನರ್ಜಿ ಎಂಬ ತರುಣ ವೈದ್ಯರು, ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಜೊತೆ ಸೇರಿ, ಸಮೀಕ್ಷೆಯಲ್ಲಿ ಸಿಕ್ಕವರ ಮನೆಗೆ ಮತ್ತೆ ಜನರನ್ನು ಕಳಿಸಿದರು. ಈ ಸಲ ಸೂಜಿಯಿಲ್ಲ, ಯಂತ್ರವಿಲ್ಲ. ಬರೀ ಮಾತು.

ಆ ಮಾತುಕತೆ ಹೇಗೆ ಸಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬಂದವರು ಕ್ಷಯ ಎಂಬ ಪದ ಎತ್ತುವುದಿಲ್ಲ. ಮಳೆ ಬೆಳೆ ಕೇಳಿ, ಕೊಟ್ಟ ನೀರು ಕುಡಿದು, ಮೈಗೆ ಹೇಗಿದೆ ಎಂದು ಕೇಳುತ್ತಾರೆ. ಕೆಮ್ಮು ಎಷ್ಟು ದಿನದಿಂದ? ದೀಪಾವಳಿಗೆ ಮುಂಚಿನಿಂದ. ಸಂಜೆಗೆ ಮೈ ಬೆಚ್ಚಗಾಗುತ್ತದಾ? ಆಗುತ್ತದೆ, ರಾತ್ರಿ ಬೆವೆತು ಚಾಪೆ ನೆನೆಯುತ್ತದೆ. ರಕ್ತ ಬಿದ್ದಿದೆಯಾ? ಇಲ್ಲಿ ಉತ್ತರ ತಡವಾಗುತ್ತದೆ. ಹೆಂಡತಿ ಗಂಡನ ಮುಖ ನೋಡುತ್ತಾಳೆ. ಏನು ಮಾಡಿದಿರಿ? ಮೊದಲು ಶುಂಠಿ ಮೆಣಸಿನ ಕಷಾಯ, ಆಮೇಲೆ ಪಂಡಿತರ ಹತ್ತಿರ, ಆಮೇಲೆ ಕೂಲಿ ಬಿಟ್ಟು ಸರ್ಕಾರಿ ಆಸ್ಪತ್ರೆಗೆ. ಅಲ್ಲೇನು ಕೊಟ್ಟರು? ಮನೆಯೊಳಗಿಂದ ಒಂದು ಖಾಲಿ ಸೀಸೆ ಬರುತ್ತದೆ. ಕೆಮ್ಮಿನ ಮಿಕ್ಸ್ಚರ್.

ಎಲ್ಲ ಉತ್ತರಗಳನ್ನು ಕೂಡಿಸಿದಾಗ ಕಂಡದ್ದು ಆಗಿನ ತಿಳಿವಳಿಕೆಯನ್ನೇ ಬುಡಮೇಲು ಮಾಡಿತು. ಹಳ್ಳಿಯವರು ಅಜ್ಞಾನಿಗಳು, ರೋಗ ಬಂದರೂ ತಿಳಿಯದವರು, ಮಾಟ ಮಂತ್ರ ನಂಬಿ ಕೂರುವವರು, ಆದ್ದರಿಂದ ಮೊದಲು ಅವರಿಗೆ ಬುದ್ಧಿ ಹೇಳಬೇಕು ಎಂದು ಪಟ್ಟಣದ ಪಂಡಿತರು ಮಾತಾಡುತ್ತಿದ್ದರು. ಆದರೆ ಕಫದಲ್ಲಿ ಬ್ಯಾಸಿಲಸ್ ಇದ್ದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಬಹಳ ಜನ ಅದಕ್ಕಾಗಿ ಕೊರಗುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರು ಆಗಲೇ ಎಲ್ಲೋ ಒಂದು ಕಡೆ ಚಿಕಿತ್ಸೆ ಕೇಳಿ ಹೋಗಿಬಂದಿದ್ದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದ. ಬಾಗಿಲಲ್ಲಿದ್ದವರು ಅವನ ಕಫ ನೋಡಲಿಲ್ಲ, ಸೀಸೆ ಕೊಟ್ಟು ಕಳಿಸಿದರು. ವೈದ್ಯ ಸಂಶೋಧನೆಯಲ್ಲಿ ನಾನು ಓದಿದ ಎಷ್ಟೋ ಬರಹಗಳಲ್ಲಿ ಇಷ್ಟು ನೇರವಾಗಿ ಬೆರಳನ್ನು ಬಡವನಿಂದ ತಿರುಗಿಸಿ ವ್ಯವಸ್ಥೆಯ ಕಡೆಗೆ ತೋರಿದ್ದು ವಿರಳ. ಅದನ್ನು ಸರ್ಕಾರದ್ದೇ ಒಂದು ಸಂಸ್ಥೆ, ಸರ್ಕಾರದ್ದೇ ಆಸ್ಪತ್ರೆಗಳ ಬಗ್ಗೆ, ಅಂಕಿ ಇಟ್ಟು ಹೇಳಿತು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇದರ ಫಲವಾಗಿ ಎಕ್ಸ್‌ರೇ ಗಾಡಿ ಊರೂರು ಸುತ್ತುವ ದುಬಾರಿ ಕನಸನ್ನು ಬಿಟ್ಟು, ಇದ್ದ ಆಸ್ಪತ್ರೆಗಳಿಗೇ ಸೂಕ್ಷ್ಮದರ್ಶಕ ಕೊಡುವ ಯೋಜನೆ ರೂಪುಗೊಂಡಿತು. ವಾರಗಟ್ಟಲೆ ಕೆಮ್ಮುವವನು ತಾನಾಗಿ ಬಂದಾಗ ಅವನ ಕಫ ಪರೀಕ್ಷಿಸಿ, ರೋಗವಿದ್ದರೆ ಅಲ್ಲೇ ಪುಕ್ಕಟೆ ಔಷಧ ಕೊಡಿ, ಜಿಲ್ಲೆಗೊಂದು ಕೇಂದ್ರ ಇಡಿ, ಕ್ಷಯಕ್ಕೆಂದು ಬೇರೆ ಸೈನ್ಯ ಕಟ್ಟಬೇಡಿ. ನೆರೆಯ ಅನಂತಪುರ ಜಿಲ್ಲೆಯಲ್ಲಿ ಪ್ರಯೋಗ ಮಾಡಿ ನೋಡಿ, 1962ರಿಂದ ದೇಶಕ್ಕೆಲ್ಲ ಜಿಲ್ಲಾ ಕ್ಷಯ ಕಾರ್ಯಕ್ರಮ ಬಂತು. ಅದನ್ನು ರೂಪಿಸಿದ ಬಳಗದಲ್ಲಿ ಹಾಫ್‌ಡಾನ್ ಮಾಹ್ಲರ್ ಎಂಬ ಡೆನ್ಮಾರ್ಕಿನ ವೈದ್ಯರಿದ್ದರು, ಭಾರತದ ಕ್ಷಯ ಕೆಲಸದಲ್ಲಿ ಹತ್ತು ವರ್ಷ ಕಳೆದವರು. ಅವರು 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 1978ರಲ್ಲಿ ಅಲ್ಮಾ ಅಟಾದಲ್ಲಿ, ಆರೋಗ್ಯ ಸೇವೆ ಜನರ ಮನೆ ಬಾಗಿಲಿನಿಂದ ಆರಂಭವಾಗಬೇಕು ಎಂಬ ಘೋಷಣೆ ಹೊರಬಂದಾಗ ಆ ಪೀಠದಲ್ಲಿದ್ದವರು ಅವರೇ. ಆ ವಿಚಾರದ ಬೇರಿನಲ್ಲಿ ನಮ್ಮ ಬಯಲುಸೀಮೆಯ ಮಣ್ಣಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ನಕ್ಷೆ ಚೆನ್ನಾಗಿತ್ತು, ಕಟ್ಟಲು ಕೊಟ್ಟ ದುಡ್ಡು ಸಾಲಲಿಲ್ಲ. ಸೂಕ್ಷ್ಮದರ್ಶಕ ಇದ್ದ ಕಡೆ ಅದನ್ನು ನೋಡಬಲ್ಲವರಿಲ್ಲ, ಎರಡೂ ಇದ್ದ ಕಡೆ ಔಷಧ ತೀರಿರುತ್ತಿತ್ತು. ವರ್ಷ, ಒಂದೂವರೆ ವರ್ಷ ನುಂಗಬೇಕಿದ್ದ ಗುಳಿಗೆಯನ್ನು ಕೊನೆಯವರೆಗೆ ನುಂಗಿದವರು ಅರ್ಧಕ್ಕಿಂತ ಕಡಿಮೆ. ಎರಡು ತಿಂಗಳಿಗೆ ಕೆಮ್ಮು ನಿಂತರೆ ಕೂಲಿಯವನು ಕೆಲಸ ಬಿಟ್ಟು ಮತ್ತೆ ಆಸ್ಪತ್ರೆಗೆ ಯಾಕೆ ಬಂದಾನು? ಅರ್ಧಕ್ಕೆ ನಿಂತ ಔಷಧವನ್ನು ತಡೆದುಕೊಂಡು ಬದುಕಿದ ಬ್ಯಾಸಿಲಸ್ ಮುಂದೆ ಗಟ್ಟಿಯಾಗುತ್ತ ಹೋಯಿತು.

ಸಂಸ್ಥೆಯ ಕಡತದಲ್ಲಿ ಓದಲು ಕಷ್ಟವಾಗುವ ಒಂದು ಅಧ್ಯಯನವೂ ಇದೆ. 1961ರಿಂದ 68ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಿಗೆ ತಂಡಗಳು ಮತ್ತೆ ಮತ್ತೆ ಹೋಗಿ ಅದೇ ಜನರನ್ನು ಪರೀಕ್ಷಿಸಿದವು. ವ್ಯವಸ್ಥಿತ ಚಿಕಿತ್ಸೆ ಆ ಊರುಗಳಿಗೆ ಇನ್ನೂ ಮುಟ್ಟಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ಬ್ಯಾಸಿಲಸ್ ಕಂಡ 126 ಮಂದಿ ಐದು ವರ್ಷದ ಹೊತ್ತಿಗೆ ಏನಾದರು? ಹತ್ತಿರ ಹತ್ತಿರ ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರರಲ್ಲೊಬ್ಬರು ತಾವಾಗಿಯೇ ಗುಣ ಹೊಂದಿದ್ದರು. ಉಳಿದ ಶೇಕಡ 18 ಮಂದಿ ಇನ್ನೂ ಕೆಮ್ಮುತ್ತ, ಸೋಂಕು ಹರಡುತ್ತ ಇದ್ದರು. ಔಷಧವಿಲ್ಲದೆ ಬಿಟ್ಟರೆ ಕ್ಷಯ ಏನು ಮಾಡುತ್ತದೆ ಎಂದು ಜಗತ್ತಿನ ಪಠ್ಯಗಳು ಹೇಳುವಾಗ ಈ ಅಂಕಿಗಳನ್ನೇ ಎತ್ತಿ ಹೇಳುತ್ತವೆ. ಇವತ್ತು ಯಾವ ನೈತಿಕ ಸಮಿತಿಯೂ ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡುವುದಿಲ್ಲ, ಕೊಡಲೂ ಬಾರದು. ಅಂದಿನ ಬಡತನ, ಔಷಧದ ಕೊರತೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಮತ್ತೆ ಮತ್ತೆ ಬಾಗಿಲಿಗೆ ಬಂದ ತಂಡದ ಕೈಯಲ್ಲಿ ಅವರಿಗೆ ಗುಳಿಗೆ ಇರಬೇಕಿತ್ತು ಎಂದೇ ನನ್ನ ಮನಸ್ಸು ಹೇಳುತ್ತದೆ. ನಾವು ಕಲಿತ ಪಾಠಕ್ಕೆ ಬೆಲೆ ತೆತ್ತವರು ಆ ಹಳ್ಳಿಗಳವರು.

ಇಂದಿನ ಅವಲಾನ್‌ನಲ್ಲಿ ಪ್ರಯೋಗಾಲಯದ ನೋಟ ಬದಲಾಗಿದೆ. ಒಳಗಿನ ಗಾಳಿ ಹೊರಗೆ ನುಸುಳದಂತೆ ಒತ್ತಡ ತಗ್ಗಿಸಿದ ಕೋಣೆ, ಎರಡು ಬಾಗಿಲು, ಒಂದು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುತ್ತದೆ. ಮುಖಕ್ಕೆ ಬಿಗಿಯಾದ ಮಾಸ್ಕು, ಮೈಮೇಲೆ ನಿಲುವಂಗಿ, ಎರಡು ಜೊತೆ ಕೈಗವಸು ತೊಟ್ಟ ತಂತ್ರಜ್ಞರು ಗಾಜಿನ ತಡೆಯ ಹಿಂದೆ ಕೈಚಾಚಿ ಕೆಲಸ ಮಾಡುತ್ತಾರೆ. ದ್ರವದಲ್ಲಿ ಬೆಳೆಸುವ ಯಂತ್ರ ವಾರಗಳ ಕಾಯುವಿಕೆಯನ್ನು ಮೊಟಕು ಮಾಡಿದೆ. ಜೀನ್ ಪರೀಕ್ಷೆ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. 2014ರಿಂದ 16ರವರೆಗೆ ನಡೆದ ಮೊದಲ ರಾಷ್ಟ್ರೀಯ ಔಷಧ ನಿರೋಧ ಸಮೀಕ್ಷೆಯಲ್ಲಿ ದೇಶದ ನಾನಾ ಮೂಲೆಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಕಫ ಪರೀಕ್ಷೆಗೆ ಬಂದದ್ದು ಇಲ್ಲಿಗೇ. ಹಿಂದೆಂದೂ ಔಷಧ ತಗೊಳ್ಳದ ಹೊಸ ರೋಗಿಗಳಲ್ಲಿ ಶೇ 2.84 ಮಂದಿಗೆ, ಮೊದಲೇ ಔಷಧ ತಗೊಂಡು ಮತ್ತೆ ಬಂದವರಲ್ಲಿ ಶೇ 11.6 ಮಂದಿಗೆ ಎರಡು ಮುಖ್ಯ ಔಷಧಗಳೂ ನಾಟದ ಕ್ಷಯವಿತ್ತು. ಅರ್ಧಕ್ಕೆ ನಿಂತ ಚಿಕಿತ್ಸೆಗಳ ಕಥೆಯೆಲ್ಲ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

2019ರಿಂದ 21ರವರೆಗೆ, ಕೋವಿಡ್ ಕಾಲದಲ್ಲೂ ನಿಂತು ನಿಂತು ಮುಂದುವರಿದು, ಎಕ್ಸ್‌ರೇ ಗಾಡಿಗಳು ಮತ್ತೊಮ್ಮೆ ದೇಶ ಸುತ್ತಿದವು. ರಾಷ್ಟ್ರೀಯ ಕ್ಷಯ ಸಮೀಕ್ಷೆ. ಈ ಸಲ ಡಿಜಿಟಲ್ ಚಿತ್ರ, ಗಾಡಿಯಲ್ಲೇ ಜೀನ್ ಪರೀಕ್ಷೆ. ಕ್ಷಯದ ಲಕ್ಷಣವಿದ್ದವರಲ್ಲಿ ಶೇ 64ರಷ್ಟು ಜನ ಎಲ್ಲೂ ಚಿಕಿತ್ಸೆ ಕೇಳಿ ಹೋಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಲಕ್ಷಣವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ತುಮಕೂರಿನ ಅಂಕಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಅಲ್ಲಿ ಕೇಳಿದ್ದು ರೋಗ ಖಚಿತವಾದವರನ್ನು, ಇಲ್ಲಿ ಬರೀ ಲಕ್ಷಣವಿದ್ದವರನ್ನು. ಆದರೂ ಒಂದು ಮಾತು ಕೇಳಲೇಬೇಕು. ಅಂದು ಕೂಲಿ ಬಿಟ್ಟು ಆಸ್ಪತ್ರೆಗೆ ನಡೆದು ಸೀಸೆ ಹಿಡಿದು ಬಂದವನ ಮೊಮ್ಮಕ್ಕಳು ಆ ಬಾಗಿಲಿನ ಮೇಲೆ ಎಷ್ಟು ಭರವಸೆ ಇಟ್ಟುಕೊಂಡಾರು? ಜನ ಲಕ್ಷಣವನ್ನು ಕಡೆಗಣಿಸಿದರು ಎಂದು ಬರೆದುಕೊಂಡು ಮುಗಿಸಿದರೆ ನಾವು ಬ್ಯಾನರ್ಜಿಯವರಿಗಿಂತ ಹಿಂದಕ್ಕೆ ಹೋದಂತೆ. ಯಾಕೆ ಕಡೆಗಣಿಸಿದರು ಎಂದು ಜಗಲಿಯ ಮೇಲೆ ಕೂತು ಕೇಳುವವರು ಮತ್ತೆ ಬೇಕು.

ಕೇಳಿಸಿಕೊಳ್ಳುವುದರಲ್ಲಿ ನಾವು ತಪ್ಪಿಸಿದ ಇನ್ನೊಂದು ಮಾತು ಹಸಿವು. ಬಡ ಊಟದಲ್ಲೂ ಔಷಧ ಕೆಲಸ ಮಾಡುತ್ತದೆ ಎಂದು ಮದ್ರಾಸಿನ ಅಧ್ಯಯನ ತೋರಿದ್ದು ಬಡವರ ಪಾಲಿಗೆ ದೊಡ್ಡ ಉಪಕಾರ. ಅದನ್ನೇ ಹಿಡಿದು ಊಟದ ಮಾತನ್ನೇ ಮರೆತದ್ದು ಅಪಚಾರ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರು ಚೆನ್ನೈನ ಅದೇ ರಾಷ್ಟ್ರೀಯ ಸಂಸ್ಥೆಯ ಜೊತೆ ಸೇರಿ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ ಆ ಮಾತನ್ನು ಮತ್ತೆ ಎತ್ತಿಕೊಂಡರು. ರೋಗಿಗಳಿಗೂ ಅವರ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆಯಂಥ ದಿನಸಿಯ ಚೀಲ. ಸೋಂಕಿನ ಮನೆಯಲ್ಲೇ ಇದ್ದರೂ ಚೀಲ ಸಿಕ್ಕ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ 40ರಷ್ಟು ತಗ್ಗಿತು. 2023ರಲ್ಲಿ ಈ ಫಲಿತಾಂಶ ಲ್ಯಾನ್ಸೆಟ್‌ನಲ್ಲಿ ಬಂತು. ಅಕ್ಕಿ ಬೇಳೆ ಲಸಿಕೆಯ ಕೆಲಸ ಮಾಡಿತ್ತು.

ಕೇಂದ್ರ ಸರ್ಕಾರ 2018ರಿಂದ ಕ್ಷಯ ರೋಗಿಗಳಿಗೆ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಒಳ್ಳೆಯದಾಯಿತು. ಆದರೆ ಬ್ಯಾಂಕ್ ಖಾತೆ, ಆಧಾರ್, ನೋಂದಣಿ ಎಂದು ಹಣ ತಡವಾಗುವುದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವರ ದಿನನಿತ್ಯದ ದೂರು. ತಡವಾದರೇನು ಎನ್ನುವ ಅಧಿಕಾರಿಗಳಿಗೆ ಜಾರ್ಖಂಡದ ಇನ್ನೊಂದು ಲೆಕ್ಕ ತೋರಿಸಬೇಕು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. 40 ಕೆಜಿ ತೂಗುವವರಿಗೆ ಅದು ಎರಡೇ ಎರಡು ಕೆಜಿ. ನಾಲ್ಕನೆಯ ತಿಂಗಳಿಗೆ ಬರುವ ಹಣದಿಂದ ಆ ಎರಡು ಕೆಜಿ ಬರುವುದಿಲ್ಲ.